ತಂಪು ಹಚ್ಚುವವನು ಮತ್ತು ಅಕ್ಕನ ಮೊಳೆ

ಅಕ್ಕನಿಗೆ ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಜೇವರ್ಗಿಯ ಅವಳ ಮನೆಯಲ್ಲಿ, ಹಾಡಹಗಲು, ನನ್ನ ಮಾಲಕ ಅವಳ ಮುಖ ನೋಡಿಯೇ ಸುಳ್ಳು ಹೇಳಿದಾಗ ನಾನು ಮಾರು ದೂರದಲ್ಲಿ ಏಣಿ ಹಿಡಿದು ನಿಂತಿದ್ದೆ. ಅದು ಸುಳ್ಳೆಂದು ಬಲ್ಲವನು ಆ ಕೋಣೆಯಲ್ಲಿ ಅವನನ್ನು ಬಿಟ್ಟರೆ ನಾನೊಬ್ಬನೇ. ನಾನು ಏಣಿಯ ಮೆಟ್ಟಿಲು ಎಣಿಸಿದೆ. ಒಂಬತ್ತಿದ್ದವು. ಅದಾದ ಮೇಲೆ ಎರಡು ಬೇಸಿಗೆ ಅಕ್ಕ ತಾನು ಮಾಡದ ತಪ್ಪಿಗೆ ತನ್ನನ್ನೇ ಬೈದುಕೊಳ್ಳುತ್ತ ಕಳೆದಳು.

ಈಗ ಆ ಮಾಲಕ ಸತ್ತಿದ್ದಾನೆ. ಆಳಂದದ ಬಸ್ ನಿಲ್ದಾಣದ ಎದುರು ಅವನ ದೊಡ್ಡ ಫ್ಲೆಕ್ಸ್ ಕಟ್ಟಿದ್ದಾರೆ. ಕಪ್ಪು ಕನ್ನಡಕ, ಬಿಳಿ ಅಂಗಿ, ಕೆಳಗೆ ‘ಬಡವರ ಸೂರಿಗೆ ತಂಪೆರೆದ ಇಂಜಿನಿಯರ್ ಸಾಹೇಬರಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಅಕ್ಷರ. ಅವನು ಇಂಜಿನಿಯರ್ ಆಗಿರಲಿಲ್ಲ. ಅವನು ಎರೆದ ತಂಪು ಒಂದು ಬೇಸಿಗೆಯ ಮೇಲೆ ಬಾಳುತ್ತಿರಲಿಲ್ಲ. ಅಂಗಿ ಬಿಳಿಯದಿತ್ತು, ಅದೊಂದು ನಿಜ. ಕೆಲಸ ನಾವು ಮಾಡುತ್ತಿದ್ದುದರಿಂದ ಅದು ಕೊಳೆಯಾಗಲು ಕಾರಣವೇ ಇರಲಿಲ್ಲ.

ಫ್ಲೆಕ್ಸಿನ ಕೆಳಗಿನ ಚಹಾದ ಅಂಗಡಿಯಲ್ಲಿ ಕುಳಿತಿದ್ದಾಗ ಅಂಗಡಿಯವನು ಲೊಚಗುಟ್ಟಿದ.

“ಪಾಪ, ಭಾರಿ ಮನಷ್ಯಾ ಇದ್ದ. ಒಂದಿನಾ ದನಿ ಏರ್ಸಿ ಮಾತಾಡಿದ್ದಿಲ್ಲ ನೋಡು. ನೀ ಅವರ ಕೈಯಾಗ ಏಳು ವರ್ಷ ದುಡದಾವ, ಒಂದೆರಡು ಚಲೋ ಮಾತ್ ಹೇಳಪಾ.”

“ಚಾ ಆರ್ತದ,” ಎಂದೆ.

ಸರಸಂಬಾದಲ್ಲಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಬರೆದು ರೂಢಿಯಿಲ್ಲ. ಆದರೂ ಚಹಾದ ಅಂಗಡಿಯವನು ಕೇಳಿದ ಆ ಒಂದೆರಡು ಮಾತನ್ನು ಇಲ್ಲಿ ಬರೆಯುತ್ತೇನೆ.

ಅವನ ಕಸುಬು ಹೀಗಿತ್ತು. ನಮ್ಮ ಕಡೆ ಮಣ್ಣಿನ ಮಾಳಿಗೆಗಳು ಹೋಗಿ ತಗಡಿನ ಪತ್ರಾ ಬಂದವು. ಪತ್ರಾದ ಮನೆ ಬೇಗ ಏಳುತ್ತದೆ, ಬೇಗ ಕಾಯುತ್ತದೆ. ಬೇಸಿಗೆಯ ಮಧ್ಯಾಹ್ನ ಅದರ ಕೆಳಗೆ ಕೂರುವುದೆಂದರೆ ರೊಟ್ಟಿಯ ಹಂಚನ್ನು ತಲೆಯ ಮೇಲೆ ಬೋರಲು ಹಾಕಿಕೊಂಡ ಹಾಗೆ. ಆ ಪತ್ರಾದ ಒಳಮೈಗೆ ಫೋಮ್ ಹಚ್ಚುವುದು ನಮ್ಮ ಕೆಲಸ. ಎರಡು ಡ್ರಮ್ ರಸಾಯನ. ಒಂದು ಕಾಕಂಬಿಯಂತೆ ಕಪ್ಪು, ಇನ್ನೊಂದು ಜೇನಿನಂತೆ ತಿಳಿ. ಎರಡೂ ಪೈಪಿನ ತುದಿಯಲ್ಲಿ ಕೂಡಿ ಪತ್ರಾಕ್ಕೆ ಬಡಿದೊಡನೆ ಉಬ್ಬಿ, ಎರಡು ಇಂಚು ದಪ್ಪದ ಹಳದಿ ಬುರುಗಾಗಿ ಗಟ್ಟಿಯಾಗುತ್ತವೆ. ಆ ಬುರುಗಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು. ಗುಳ್ಳೆಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದರೆ ಮೇಲಿನ ಕಾವು ಕೆಳಗೆ ಇಳಿಯುವುದಿಲ್ಲ. ವಿದ್ಯೆ ಇಷ್ಟೇ.

ಇದನ್ನು ಕಲಿಯಲು ಅವನು ಎರಡು ದಿನದ ತರಬೇತಿಗೆ ಹೋಗಿದ್ದ. ಜೊತೆಗೆ ನನ್ನನ್ನೂ ಕರೆದೊಯ್ದಿದ್ದ. ಕಲಿಸುವವನು ಮತ್ತೆ ಮತ್ತೆ ಒಂದೇ ಮಾತು ಹೇಳಿದ: ಡ್ರಮ್ಮಿಗೆ ನೀರು ಸೋಕಬಾರದು. ನೀರು ಸೇರಿದರೆ ಫೋಮ್ ಬೇಕಾದ್ದಕ್ಕಿಂತ ಹೆಚ್ಚು ಉಬ್ಬುತ್ತದೆ, ನೋಡಲು ಚೆಂದ. ಆದರೆ ವರ್ಷ ತುಂಬುವುದರೊಳಗೆ ಕುಗ್ಗಿ, ಪುಡಿಪುಡಿಯಾಗಿ, ಪತ್ರಾ ಬಿಟ್ಟು ಏಳುತ್ತದೆ. ಉಳಿದವರು ನೀರು ಹಾಕಬಾರದೆಂದು ಬರೆದುಕೊಂಡರು. ಇವನು ಮರಳಿ ಬರುವಾಗ ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಾಗಿ, “ಕೇಳ್ದಿಲ್ಲೋ? ನೀರ್ ಹಾಕಿದ್ರ ಜಾಸ್ತಿ ಉಬ್ತದಂತ,” ಎಂದ.

ಅದರ ಮುಂದಿನ ವಾರದಿಂದಲೇ ತಿಳಿ ಡ್ರಮ್ಮಿಗೆ ನೀರು ಬೀಳತೊಡಗಿತು. ಹಾಕುತ್ತಿದ್ದವನು ನಾನು, ಚಂಬಿನಿಂದ. ಅವನು ಲಿಂಗಪೂಜೆ ಮುಗಿಯದೆ ತನ್ನ ಬಾಯಿಗೆ ಒಂದು ಹನಿ ನೀರು ಬಿಡುತ್ತಿರಲಿಲ್ಲ. ಡ್ರಮ್ಮಿಗೆ ಅಂಥ ಕಟ್ಟಳೆ ಇರಲಿಲ್ಲ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಅಂಗೈಯ ಲಿಂಗದ ಮೇಲೆ ಕಣ್ಣು ನೆಟ್ಟು, ಇನ್ನೊಂದು ಕೈಯ ಬೆರಳೆತ್ತಿ ತೋರಿಸುತ್ತಿದ್ದ: ಇವತ್ತು ಎರಡು ಚಂಬು. ಅಷ್ಟು ಭಕ್ತಿಯಿಂದ ಕಲಬೆರಕೆ ಮಾಡಿಸಿದವನನ್ನು ನಾನು ಬೇರೆಲ್ಲೂ ನೋಡಿಲ್ಲ.

ಹೊಸ ಮನೆ ಹೊಕ್ಕಾಗ ಹಾಲು ಉಕ್ಕಿಸುವುದು ನಮ್ಮಲ್ಲಿಯ ಪದ್ಧತಿ. ಹಾಲು ಉಕ್ಕಿ ಹೊರಗೆ ಚೆಲ್ಲಿದರೆ ಮನೆಗೆ ಒಳ್ಳೆಯದು. ಅವನು ಆ ಪದ್ಧತಿಯನ್ನೇ ಹಿಡಿದುಕೊಂಡ. ಕೆಲಸ ಶುರುಮಾಡುವ ಮೊದಲು ಮನೆಯ ಹೆಂಗಸರನ್ನು ಕರೆದು, “ನಿಮ್ಮ ಕೈಲಿಂದ ಒಂದ್ ಲೋಟಾ ಕೊಡ್ರಿ ಅಕ್ಕಾರ,” ಎನ್ನುತ್ತಿದ್ದ. ಲೋಟಕ್ಕೆ ಎರಡೂ ರಸಾಯನ ಸುರಿದು ಕಡ್ಡಿಯಿಂದ ತಿರುವಿ, ಒಂದ್, ಎರಡ್, ಮೂರ್ ಎಂದು ಎಣಿಸುತ್ತಿದ್ದ. ಹತ್ತರ ಹೊತ್ತಿಗೆ ಅದು ಬೆಳ್ಳಗಾಗಿ, ಅಲುಗಿ, ಮೇಲೇರಿ, ಲೋಟದ ಅಂಚು ದಾಟಿ ಅವನ ಬೆರಳಿನ ಮೇಲೆ ಇಳಿಯುತ್ತಿತ್ತು.

“ಹಾಲ್ ಉಕ್ತು ನೋಡ್ರಿ! ಎಷ್ಟು ಉಕ್ತದೋ ಅಷ್ಟು ತಂಪು. ಇಷ್ಟ್ ಉಕ್ಕಿದ್ದು ನಾ ಯಾರ ಮನ್ಯಾಗೂ ನೋಡಿಲ್ಲ ಬಿಡ್ರಿ.”

ಎಲ್ಲರ ಮನೆಯಲ್ಲೂ ಇದೇ ಮಾತು. ಹೆಂಗಸರು ಗಲ್ಲಕ್ಕೆ ಕೈ ಹಚ್ಚುತ್ತಿದ್ದರು. ಯಾರಾದರೊಬ್ಬರು ಓಡಿಹೋಗಿ ಅರಿಷಿಣ ಕುಂಕುಮ ತಂದು ಲೋಟಕ್ಕೆ ಏರಿಸುತ್ತಿದ್ದರು. ಹಾಲಿಗೆ ನೀರು ಬೆರೆಸಿದ್ದನ್ನು ಬೆರಳು ಅದ್ದಿ ಹೇಳಬಲ್ಲ ಹೆಂಗಸರು ಅವರು. ಗೌಳಿಯ ಮಾನ ಬೀದಿಯಲ್ಲಿ ಹರಾಜು ಹಾಕುವವರು. ಈ ಹಾಲಿಗೆ ಮಾತ್ರ ಕೈ ಮುಗಿದರು.

ಅವನ ಜೇಬಿನಲ್ಲಿ ಎರಡು ಉಷ್ಣಮಾಪಕ ಇರುತ್ತಿದ್ದವು. ಒಂದು ಸುಮ್ಮನೆ ಜೇಬಿನಲ್ಲಿ. ಇನ್ನೊಂದು ಒದ್ದೆ ಕರವಸ್ತ್ರದಲ್ಲಿ ಸುತ್ತಿಟ್ಟದ್ದು. ಫೋಮ್ ಹಚ್ಚುವ ಮೊದಲು ತೋರಿಸುವುದು ಮೊದಲಿನದು, ಹಚ್ಚಿದ ಮೇಲೆ ತೋರಿಸುವುದು ಎರಡನೆಯದು. ತೋರಿಸುವ ಮುನ್ನ ಕಾದ ಪತ್ರಾಕ್ಕೆ ಬೆರಳ ಹಿಂಬದಿ ತಾಗಿಸಿ, ಜ್ವರದ ಮಗುವನ್ನು ಮುಟ್ಟಿದವನಂತೆ “ಅಬಾಬಾಬಾ!” ಎಂದು ಹಿಂದೆ ಸರಿಯುತ್ತಿದ್ದ. ಆ ಅಭಿನಯಕ್ಕೇ ಅರ್ಧ ಗಿರಾಕಿಗಳು ಒಪ್ಪಿಬಿಡುತ್ತಿದ್ದರು.

ಇನ್ನು ತಕರಾರು ಬಂದಾಗ ಅವನನ್ನು ನೋಡಬೇಕಿತ್ತು. ಕೈ ಹಿಂದೆ ಕಟ್ಟಿಕೊಂಡು, ದೊಡ್ಡ ದವಾಖಾನೆಯ ಡಾಕ್ಟರನಂತೆ ಮನೆ ಪೂರ್ತಿ ಸುತ್ತುತ್ತಿದ್ದ. ಸುತ್ತಿ ಮುಗಿಸುವುದರೊಳಗೆ ಮನೆಯವರದೇ ಒಂದು ತಪ್ಪು ಸಿಕ್ಕಿರುತ್ತಿತ್ತು. ಅಫಜಲಪುರದ ಅರಿವೆ ಅಂಗಡಿಯವನು ಫೋಮ್ ಉದುರುತ್ತಿದೆಯೆಂದು ಕರೆಸಿದಾಗ ಇವನು ಮೂಗು ಅರಳಿಸಿ ಕೇಳಿದ:

“ಇಲ್ಲಿ ಲೋಬಾನ ಹಾಕ್ತೀರೇನ್ರಿ?”

“ದಿನಾ ಸಂಜೀಕ ಹಾಕ್ತೇವ್ರಿ.”

“ಹಾಂ! ಆ ಹೊಗಿ ಫೋಮಿನ ಜೀವಾನೇ ತಿಂದದ.”

ಅಂಗಡಿಯವನು ತಲೆ ತಗ್ಗಿಸಿ ಇವನಿಗೇ ಚಹಾ ತರಿಸಿದ. ಮಟಕಿ ಊರಿನಲ್ಲಿ ಉಳ್ಳಾಗಡ್ಡಿ ಇಡುವ ಶೆಡ್ಡಿನದೂ ಹಾಗೆಯೇ ಆಯಿತು. ಒಳಗಿನ ಫೋಮ್ ಹಪ್ಪಳದಂತೆ ಎದ್ದಿತ್ತು.

“ಮ್ಯಾಲ ಮಂಗ್ಯಾ ಕುಣದಾವ,” ಎಂದ ಇವನು.

“ನಮ್ಮೂರಾಗ ಮಂಗ್ಯಾನೇ ಇಲ್ಲಲ್ರಿ ಸಾಹೇಬ್ರ,” ಎಂದ ಶೆಡ್ಡಿನ ಮುದುಕ.

“ಬಂದು ಹೋಗ್ಯಾವ. ನಿಮಗ ಖಬರ್ ಆಗಿಲ್ಲ.”

ಮುದುಕ ನಿಜವಾಗಿಯೂ ಮೇಲೆ ನೋಡಿದ. ಟೆಂಪೋದಲ್ಲಿ ಹಿಂದೆ ಕುಳಿತು ಬರುವಾಗ ನಾವು ಕೆಲಸದವರು ಆ ಮಾತನ್ನು ಹೇಳಿಕೊಂಡು ಹೇಳಿಕೊಂಡು ನಕ್ಕೆವು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು. ತಪ್ಪನ್ನು ಬೇರೆಯವರ ತಲೆಗೆ ಹಾಕುವ ಅವನ ಆ ಸಣ್ಣತನ ಆಗ ನನಗೆ ಜಾಣತನದಂತೆ ಕಂಡಿತ್ತು. ಅದಕ್ಕೇ ಇದನ್ನು ಬರೆಯಬೇಕಾಗಿದೆ.

ನಮಗೆ ಮುಖಗವಸು ಕೊಡುತ್ತಿರಲಿಲ್ಲ. ಫೋಮಿನ ಧೂಳು ಎದೆಗೆ ಇಳಿದು ಕೆಮ್ಮು ಬಂದರೆ ಜೇಬಿನಿಂದ ಬೆಲ್ಲದ ಚೂರು ತೆಗೆದು ಅಂಗೈಗೆ ಇಡುತ್ತಿದ್ದ. “ಬೆಲ್ಲಾ ತಿನ್ನು, ಎಲ್ಲಾ ಕೆಳಗ ಇಳೀತದ.” ಮುಖಗವಸಿನ ಪೊಟ್ಟಣ ಟೆಂಪೋದ ಸೀಟಿನ ಕೆಳಗೆ ಒಡೆಯದೆ ಇತ್ತು. ಅದು ಯಾರಾದರೂ ಅಧಿಕಾರಿ ಬಂದರೆ ತೋರಿಸಲಿಕ್ಕೆ.

ಅವನಿಗೆ ಕೆಲಸ ಬರುತ್ತಿರಲಿಲ್ಲ ಎಂದು ಯಾರಾದರೂ ಅವನ ಪರವಾಗಿ ಹೇಳಬಹುದು. ಬರುತ್ತಿತ್ತು. ಆಳಂದದ ತನ್ನ ಮನೆಯ ಮೇಲಿನ ಕೋಣೆಗೆ ಫೋಮ್ ಹಚ್ಚಿಸಿದ ದಿನ ಅವನು ಬೆರಳೆತ್ತಲಿಲ್ಲ. ಪತ್ರಾವನ್ನು ನಮ್ಮಿಂದ ಮೂರು ಸಲ ಒಣ ಬಟ್ಟೆಯಲ್ಲಿ ಒರೆಸಿಸಿದ. ನೀರಿನ ಚಂಬು ಡ್ರಮ್ಮಿನ ಹತ್ತಿರ ಇದ್ದದ್ದನ್ನು ಕಂಡು ತಾನೇ ಎತ್ತಿ ಅಂಗಳಕ್ಕೆ ಎಸೆದ. ಆ ಕೋಣೆಗೆ ನಾನೇ ಹಚ್ಚಿದ್ದು. ಬಿರುಬೇಸಿಗೆಯ ಮಧ್ಯಾಹ್ನ ಒಳಗೆ ಕಾಲಿಟ್ಟರೆ ಬಾವಿಯ ಮೆಟ್ಟಿಲು ಇಳಿದ ಹಾಗೆ ಇರುತ್ತಿತ್ತು. ಇವತ್ತಿಗೂ ಅದರ ಒಂದು ಚೂರು ಉದುರಿಲ್ಲ. ಆ ತಂಪಿನಲ್ಲೇ ಮಲಗಿ ಅವನು ಸತ್ತ.

ಒಂದು ಒಳ್ಳೆಯ ಮಾತೂ ಇದೆ, ಹೇಳದಿದ್ದರೆ ನನ್ನದೂ ಕಲಬೆರಕೆಯಾದೀತು. ಪಂಪಿನ ದನಿ ಕೇಳಿಯೇ ಯಾವ ಪೈಪು ಕಟ್ಟಿದೆಯೆಂದು ತಿಳಿಯುವುದನ್ನು ಅವನು ನನಗೆ ಕಲಿಸಿದ. ದನಿ ಏರಿಸಲಿಲ್ಲ ಎಂಬುದೂ ನಿಜ. ಏರಿಸುವ ಅಗತ್ಯವೇ ಬೀಳಲಿಲ್ಲ. ನಾವು ಬೆರಳು ನೋಡಿ ಚಂಬು ಎತ್ತುತ್ತಿದ್ದೆವು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಜೇವರ್ಗಿಗೆ ಕೊಟ್ಟಿತ್ತು. ಮಾಮಾ ಎಂದು ನಾನು ಕರೆಯುವ ಅವಳ ಗಂಡ ಲಾರಿಗೆ ಹತ್ತಿಯ ಅಂಡಿಗೆ ಏರಿಸುವಾಗ ಮೇಲಿಂದ ಬಿದ್ದು ಬೆನ್ನುಹುರಿ ಕೆಟ್ಟಿತು. ಎದೆಯ ಕೆಳಗೆ ಸ್ಪರ್ಶವಿಲ್ಲ. ಅದಕ್ಕಿಂತ ವಿಚಿತ್ರವಾದದ್ದನ್ನು ಡಾಕ್ಟರ್ ಹೇಳಿದರು: ಇನ್ನು ಆ ಭಾಗ ಬೆವರುವುದಿಲ್ಲ, ಮೈ ತನ್ನನ್ನು ತಾನು ತಣ್ಣಗೆ ಮಾಡಿಕೊಳ್ಳಲಾರದು, ಸೆಖೆ ಒಳಹೊಕ್ಕರೆ ಹೊರಗೆ ಬರಲು ದಾರಿಯಿಲ್ಲ, ಕೋಣೆಯನ್ನು ತಂಪಾಗಿ ಇಡಿ. ಅವರದು ಪತ್ರಾದ ಮನೆ. ಅಕ್ಕ ನನಗೇ ಫೋನ್ ಮಾಡಿದಳು.

“ತಮ್ಮಾ, ನಿಮ್ಮ ಸಾಹೇಬ್ರಿಗಿ ಹೇಳಿ ನಮ್ಮ ಮನಿಗೂ ಹಚ್ಚಸೋ. ನೀ ಇದ್ದೀ ಅಂತ ನನಗ ಧೈರ್ಯ.”

ಕೆಲಸದ ದಿನ ಅವನು ಅಕ್ಕನ ಮನೆಯ ಪಡಸಾಲೆಯಲ್ಲೇ ಪೂಜೆಗೆ ಕುಳಿತ. ನನ್ನ ಅಕ್ಕನ ಮನೆ ಎಂದು ಅವನಿಗೆ ಗೊತ್ತಿತ್ತು. ಮೂರು ಬೆರಳೆತ್ತಿದ. ಎತ್ತಿ ಕಣ್ಣು ಮುಚ್ಚಿದ. ನಾನು ಡ್ರಮ್ಮಿನ ಹತ್ತಿರ ಒಬ್ಬನೇ. ಹಾಕದೆ ಬಿಟ್ಟಿದ್ದರೆ ಅವನಿಗೆ ತಿಳಿಯುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ನಾನು ಮೂರು ಚಂಬು ಹಾಕಿದೆ. ಯಾಕೆಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಎಂದರೆ ಚೆನ್ನಾಗಿ ಕೇಳಿಸುತ್ತದೆ, ಆದರೆ ಹೆದರಿಕೆ ಇರಲಿಲ್ಲ. ರೂಢಿ ಇತ್ತು. ಕೈ ತಾನಾಗಿ ಎತ್ತಿತು. ಅವನನ್ನು ಬೈಯುವ ನನ್ನ ಬಾಯಿಗೆ ಈ ಕೈ ಇನ್ನೂ ಅಂಟಿಕೊಂಡೇ ಇದೆ.

ಲೋಟ ಆ ದಿನ ಎಲ್ಲ ಮನೆಗಳಿಗಿಂತ ಹೆಚ್ಚು ಉಕ್ಕಿತು. ಅಕ್ಕ ಕುಂಕುಮ ಹಚ್ಚಿ, ಆ ಗಟ್ಟಿಯಾದ ಲೋಟವನ್ನು ದೇವರ ಗೂಡಿನಲ್ಲಿ ಇಟ್ಟಳು.

ಮೊದಲ ಬೇಸಿಗೆ ಚೆನ್ನಾಗಿಯೇ ಇತ್ತು. “ಲೇ ತಮ್ಮಾ, ಊಟಿಗಿ ಬಂದಂಗ ಆಗ್ಯದ, ಒಂದ್ ಶಾಲ್ ಕೊಡ್ಸೋ,” ಎಂದು ಮಾಮಾ ಮಲಗಿದಲ್ಲಿಂದಲೇ ಚೇಷ್ಟೆ ಮಾಡುತ್ತಿದ್ದ. ಕೈಗಳು ಗಟ್ಟಿಯಿದ್ದವು ಅವನಿಗೆ. ಕರೆಂಟು ಹೋದಾಗ ಬೇಕೆಂದು ತಾನೇ ಒಂದು ಪಂಖಾ ಮಾಡಿದ: ಹಳೆಯ ಸೀರೆಯನ್ನು ಬಿದಿರಿನ ಕೋಲಿಗೆ ಸುತ್ತಿ, ದಾರ ಕಟ್ಟಿದ್ದು. ಅಕ್ಕ ಫೋಮಿನೊಳಗಿಂದ ಮೇಲಿನ ಜಂತಿಗೆ ಒಂದು ಮೊಳೆ ಹೊಡೆದು ಅದನ್ನು ತೂಗುಹಾಕಿದಳು. ಮಾಮಾ ದಾರ ಎಳೆದರೆ ಸೀರೆ ಅವನ ಮುಖದ ಮೇಲೆ ಬೀಸುತ್ತಿತ್ತು. ಬಿದ್ದ ಮೇಲೆ ಅವನು ತನಗಾಗಿ ತಾನೇ ಮಾಡಿಕೊಂಡ ಮೊದಲ ಕೆಲಸ ಅದು. ಬಂದವರಿಗೆಲ್ಲ ಎಳೆದು ತೋರಿಸುತ್ತಿದ್ದ.

ಮರುವರ್ಷ ಶಿವರಾತ್ರಿ ದಾಟುತ್ತಲೇ ಫೋಮ್ ಕುಗ್ಗಿತು. ಪತ್ರಾಕ್ಕೂ ಅದಕ್ಕೂ ನಡುವೆ ಬೆರಳು ಹೋಗುವಷ್ಟು ಸಂದು ಬಿದ್ದು, ಕಾವು ಒಳಗೆ ಇಳಿಯತೊಡಗಿತು. ಮಾಮಾನಿಗೆ ದಿನಾ ಮಧ್ಯಾಹ್ನ ಮೈ ಸುಡತೊಡಗಿತು. ಒಂದು ದಿನ ಮಾತು ತಪ್ಪಿ, ಕಣ್ಣು ಮೇಲಾಗಿ, ಕಲಬುರಗಿಯ ಆಸ್ಪತ್ರೆಗೆ ಒಯ್ದರು. ಉಳಿದು ಬಂದ. ಅಕ್ಕ ಮಾಲಕನಿಗೆ ಫೋನ್ ಮಾಡಿದಳು.

ಅವನು ಬಂದ. ಕೈ ಹಿಂದೆ ಕಟ್ಟಿಕೊಂಡು ಸುತ್ತಿದ. ನಾನು ಏಣಿ ಹಿಡಿದಿದ್ದೆ. ಮೇಲೆ ನೋಡಿ ನಿಂತುಬಿಟ್ಟ.

“ಈ ಮೊಳಿ ಯಾರ್ ಹೊಡದ್ರಿ?”

“ನಾನೇ ಹೊಡದೇನ್ರಿ. ಪಂಖಾ ಹಾಕಾಕ.”

“ಏನಕ್ಕಾರ, ತುಂಬಿದ ಕೊಡಕ್ಕ ತೂತ್ ಹೊಡದಂಗ ಮಾಡೀರಲ್ಲ! ಒಳಗಿನ ತಂಪೆಲ್ಲ ಇದ್ರಾಗ ಹಾದು ಹೋಗ್ಯದ.”

ಮಾಮಾ ಸುಮ್ಮನಿರಲಿಲ್ಲ. “ಸಾಹೇಬ್ರ, ಒಂದ್ ಮೊಳಿ ತೂತಿನಾಗ ಇಡೀ ಮನಿ ತಂಪ್ ಹೋಗ್ತದೇನ್ರಿ?”

“ಸೈಕಲ್ ಟೈರಿನ ಗಾಳಿ ಹೋಗಾಕ ಎಷ್ಟು ಮೊಳಿ ಬೇಕ್ರಿ ಯಜಮಾನ್ರ?”

ಮಾಮಾ ನನ್ನ ಕಡೆ ತಿರುಗಿದ. “ಏನೋ ತಮ್ಮಾ, ಖರೇ ಏನ?”

ಅಕ್ಕನೂ ನೋಡಿದಳು. ಟೈರಿನಲ್ಲಿ ಗಾಳಿ ಒಂದೇ ಕಡೆ ತುಂಬಿರುತ್ತದೆ; ಫೋಮಿನಲ್ಲಿ ಪ್ರತಿ ಗುಳ್ಳೆಯೂ ಬೇರೆ, ಒಂದು ಮೊಳೆಗೆ ಸತ್ತರೆ ಹತ್ತು ಗುಳ್ಳೆ ಸಾಯುತ್ತವೆ, ಉಳಿದವು ಇರುತ್ತವೆ. ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಮೆಟ್ಟಿಲು ಎಣಿಸಿ, “ಸಾಹೇಬ್ರಿಗಿ ಗೊತ್ತಿರ್ತದ ಮಾಮಾ,” ಎಂದೆ.

ಅಕ್ಕ ಅಂದೇ ಮೊಳೆ ಕಿತ್ತಳು. ಪಂಖಾ ಇಳಿಸಿ ಮಂಚದ ಕೆಳಗೆ ಹಾಕಿದಳು. ತೂತಿಗೆ ಮೇಣ ತುಂಬಿದಳು. ಸೆಖೆಗೆ ಮೇಣ ಕರಗಿದರೆ ಗೋಧಿಯ ಕಣಕ ತುಂಬಿದಳು. ಕಣಕ ಒಣಗಿ ಬಿದ್ದರೆ ಮತ್ತೆ ಏಣಿ ಹತ್ತಿದಳು. ಮಧ್ಯಾಹ್ನ ಹೊಟ್ಟೆಪಾಡಿನ ಹೊಲಿಗೆ ಕೆಲಸ ಬಿಟ್ಟು ಗಂಡನ ಪಕ್ಕ ಕುಳಿತು ರಟ್ಟಿನಿಂದ ಗಾಳಿ ಹಾಕಿದಳು. ಓಣಿಯ ಹೆಂಗಸರು ಕೇಳಿದರೆ, “ನಂದೇ ತಪ್ಪು ಬೇ. ಒಂದ್ ಮೊಳಿ ಹೊಡದು ಅವರನ್ನ ದವಾಖಾನಿಗಿ ಹಾಕ್ದೆ,” ಎನ್ನುತ್ತಿದ್ದಳು. ನನ್ನೆದುರಿಗೂ ಹೇಳುತ್ತಿದ್ದಳು. ನಾನು ರೊಟ್ಟಿ ಮುರಿದು ತಿನ್ನುತ್ತಿದ್ದೆ. ಅವನ ಕೆಲಸವನ್ನೂ ಬಿಡಲಿಲ್ಲ.

ಹೀಗೆ ಎರಡು ಬೇಸಿಗೆ.

ಚಹಾದ ಅಂಗಡಿಯಿಂದ ಎದ್ದು ನಾನು ಮನೆಗೆ ಹೋಗಲಿಲ್ಲ. ಕಲಬುರಗಿಯಲ್ಲಿ ಬಸ್ ಬದಲಿಸಿ ಜೇವರ್ಗಿಯಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಅಕ್ಕ ಗಂಡನಿಗೆ ರಟ್ಟು ಬೀಸುತ್ತಿದ್ದಳು. ನನ್ನನ್ನು ಕಂಡವಳೇ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

“ಸಾಹೇಬ್ರು ಹೋದ್ರಂತಲ್ಲೋ ತಮ್ಮಾ. ದೇವರಂಥ ಮನಷ್ಯಾ. ನಾ ಅವರ ಕೆಲಸಾ ಕೆಡಿಸಿದೆ, ಆದ್ರೂ ನನಗ ಒಂದ್ ಮಾತ್ ಬೈಲಿಲ್ಲ.”

ಅವನ ಫ್ಲೆಕ್ಸ್ ನೋಡಿ ನನಗೆ ಸಿಟ್ಟು ಬಂದಿತ್ತು. ಈ ಮಾತಿಗೆ ಸಿಟ್ಟು ಬರಲಿಲ್ಲ. ಹೊರಗಿಂದ ಏಣಿ ತಂದು, ಮೊಳೆಯ ತೂತಿನಿಂದ ತೀರ ದೂರದ ಮೂಲೆಗೆ ಇಟ್ಟು ಹತ್ತಿದೆ. ಫೋಮಿನ ಸಂದಿಗೆ ಬೆರಳು ಹಾಕಿ ಎಳೆದೆ. ಹಾಸುಗಲ್ಲಿನಷ್ಟು ಅಗಲದ ತುಂಡು ಕೈಗೆ ಬಂತು. ಹಿಚುಕಿದರೆ ಹಳೆಯ ರೊಟ್ಟಿಯಂತೆ ಪುಡಿಯಾಗಿ, ಏಣಿಯ ಕೆಳಗೆ ಬಂದ ಅಕ್ಕನ ತಲೆಯ ಮೇಲೆ ಉದುರಿತು.

“ಏ ಹುಚ್ಚಾ, ಇದ್ದದ್ದೂ ಕಿತ್ತಾಕತ್ತೀಯಲ್ಲೋ!” ಎಂದು ಅಕ್ಕ ಕೂಗಿದಳು.

“ಇಲ್ಲಿ ಮೊಳಿ ಎಲ್ಲದ ತೋರ್ಸು.”

ಅವಳು ತೂತಿನ ಕಡೆ ನೋಡಿದಳು, ಈ ಮೂಲೆ ನೋಡಿದಳು. ನಾನು ಇಳಿದು ಕೆಳಗೆ ಕುಳಿತು ಮೊದಲಿನಿಂದ ಹೇಳಿದೆ: ತರಬೇತಿಯಲ್ಲಿ ಕೇಳಿದ್ದು, ಚಂಬು, ಅವನು ಎತ್ತಿದ ಬೆರಳು, ಈ ಪಡಸಾಲೆಯಲ್ಲಿ ಹಾಕಿದ ಮೂರು ಚಂಬು. ಅಕ್ಕನ ಕಣ್ಣು ದೇವರ ಗೂಡಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕುಳಿತ ಲೋಟದ ಮೇಲೆ ಹೋಯಿತು. ಮಾಮಾ ನನ್ನ ಕಡೆ ಮುಖ ತಿರುಗಿಸಿದ. ಬೈಯುತ್ತಾನೆಂದುಕೊಂಡೆ.

“ಏ ಇಕಿ, ಮಂಚದ ಕೆಳಗಿಂದ ನನ್ನ ಪಂಖಾ ತೆಗಿ,” ಎಂದ ಹೆಂಡತಿಗೆ. ಆಮೇಲೆ ನನಗೆ, “ನೀ ಆ ಮೊಳಿ ಹೊಡಿ.”

ಅಕ್ಕ ಅಲುಗಲಿಲ್ಲ. ರಟ್ಟು ಅವಳ ಕೈಯಲ್ಲೇ ಇತ್ತು. “ಅವತ್ತ ನಿನಗ ಗೊತ್ತಿತ್ತಾ?” ಎಂದಳು. “ನಾ ಕಣಕ ತುಂಬಾಕತ್ತಾಗೂ ಗೊತ್ತಿತ್ತಾ?”

ಈ ಸಲ ಎಣಿಸಲು ನಾನು ಏನನ್ನೂ ಹುಡುಕಲಿಲ್ಲ.

“ಗೊತ್ತಿತ್ತಕ್ಕಾ. ಮೊಳಿ ಏನೂ ಮಾಡಿಲ್ಲ, ನೀ ಏನೂ ಮಾಡಿಲ್ಲ. ನೀರ್ ಹಾಕ್ದಾವ ನಾನು, ಏಣಿ ಹಿಡ್ಕೊಂಡು ನಿನ್ನ ಮ್ಯಾಲ ಹೊರಸಾಕ ಬಿಟ್ಟಾವ ನಾನು. ಮಾಮಾನ ಪಂಖಾ ಇಳಿಸಿದಾವನೂ ನಾನೇ. ನಂದು ತಪ್ಪಾಗ್ಯದವ್ವಾ. ನಂದೇ ತಪ್ಪು.”